ಚೆನ್ನಿಯ ಎಡಗೈ

ಮಗಳ ಬಲಗೈಯನ್ನು ಮೊದಲ ಸಲ ಕಟ್ಟಿದ ದಿನ ಅವಳು ನನ್ನ ಭುಜಕ್ಕೆ ಬಾಯಿ ಹಾಕಿ ರಕ್ತ ಬರುವ ಹಾಗೆ ಕಚ್ಚಿದಳು. ನಾನೂ ಬಿಡಲಿಲ್ಲ. ಅವಳ ತಲೆಯನ್ನು ಎದೆಗೆ ಒತ್ತಿ ಹಿಡಿದು, ಬೆರಳಿಲ್ಲದ, ಚೀಲದಂಥ ದಪ್ಪ ಬಟ್ಟೆಯ ಗವಸನ್ನು ಅವಳ ಬಲಗೈಗೆ ತೊಡಿಸಿ, ಮೊಣಕೈವರೆಗೆ ಪಟ್ಟಿ ಸುತ್ತಿ ಗಂಟು ಹಾಕಿದೆ. ಗವಸು ಹೊಲಿದವಳೂ ನಾನೇ. ಶಹಾಪುರದ ಬಸ್‌ಸ್ಟ್ಯಾಂಡ್ ಹಿಂದೆ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಕುಪ್ಪಸದ ಬಟ್ಟೆ, ಅದರ ಒಳಗೆ ಹಾಕುವ ಅಸ್ತರು, ಸೀರೆಗೆ ಫಾಲ್. ಗಿರಾಕಿಗಳಿಗೆ ಹಾಕುವುದಕ್ಕಿಂತ ಗಟ್ಟಿ ಹೊಲಿಗೆಯನ್ನು ಆ ಗವಸಿಗೆ ಹಾಕಿದ್ದೆ, ಯಾಕೆಂದರೆ ನನ್ನ ಮಗಳ ಹಲ್ಲು ನನಗೆ ಗೊತ್ತಿತ್ತು.

ಚೆನ್ನಿಗೆ ಆಗ ನಾಲ್ಕು ವರ್ಷ ತುಂಬಿತ್ತು. ಅವಳ ಎಡಗೈ ಹುಟ್ಟಿದಾಗಿನಿಂದಲೂ ಮುಷ್ಟಿ. ಹೆಬ್ಬೆರಳು ಒಳಗೆ, ಉಳಿದ ಬೆರಳುಗಳು ಅದರ ಮೇಲೆ ಮುಚ್ಚಿಕೊಂಡು ಕೂತಿರುತ್ತಿದ್ದವು. ಎಡಗಾಲನ್ನು ಎಳೆದುಕೊಂಡು ನಡೆಯುತ್ತಾಳೆ. ಬಾಯಿಗೆ ಮಾತ್ರ ಏನೂ ಕೊರತೆಯಿಲ್ಲ. ಮಾತು ತಡವಾಗಿ ಬಂತು, ಬಂದದ್ದು ಬೈಗುಳದ ಸಮೇತ ಬಂತು. ಒಳ್ಳೆಯ ಕೈಯನ್ನು ಕಟ್ಟಿಹಾಕಿದರೆ ಬೇರೆ ದಾರಿಯಿಲ್ಲದೆ ಎಡಗೈ ಕೆಲಸಕ್ಕೆ ಇಳಿಯುತ್ತದೆ, ಅದು ಇಳಿದರೆ ತಲೆಯೊಳಗಿನ ನರಗಳೂ ಹೊಸ ದಾರಿ ಹುಡುಕಿಕೊಳ್ಳುತ್ತವೆ ಎಂಬುದು ಆ ಚಿಕಿತ್ಸೆಯ ಸಾರ. ಕೇಳುವುದಕ್ಕೆ ಚೆಂದ. ಮನೆಯೊಳಗೆ ಅದು ದಿನಾ ಬೆಳಿಗ್ಗೆ ನಡೆಯುವ ಕುಸ್ತಿ.

ಈಗ ಚೆನ್ನಿ ಶಾಲೆಗೆ ಹೋಗುತ್ತಾಳೆ, ನಾವು ಬದುಕಿಗೆ ಒಗ್ಗಿಕೊಂಡಿದ್ದೇವೆ. ಇದನ್ನು ಬರೆಯಲು ಕಾರಣ, ಮೊನ್ನೆ ಯಾದಗಿರಿಯ ಚಿಕಿತ್ಸಾ ಕೇಂದ್ರದಲ್ಲಿ ಕಂಡ ಒಬ್ಬ ಹುಡುಗಿಯಂಥ ತಾಯಿ. ಮಗು ಪರಚಿದ ಮುಖವನ್ನು ಸೆರಗಿನಿಂದ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ಗಂಡ ಹೊಡೆದನೆಂದು ಜನ ತಿಳಿದುಕೊಂಡಾರು ಎಂಬ ಭಯ ಅವಳಿಗೆ. ತಂಗಿ, ಸೆರಗು ತೆಗೆ. ಇಲ್ಲಿ ಕೂತ ಎಲ್ಲರೂ ಕಚ್ಚಿಸಿಕೊಂಡವರೇ.

ಚೆನ್ನಿ ಹುಟ್ಟಿದ ದಿನವೇ ಜಗಳದಿಂದ ಶುರುವಾಯಿತು. ಹೆರಿಗೆ ತಡವಾಗಿ, ಇಬ್ಬರು ಹೆಂಗಸರು ನನ್ನ ಹೊಟ್ಟೆಯ ಮೇಲೆ ಮೊಣಕೈಯೂರಿ ಒತ್ತಿದರು. ಆಸ್ಪತ್ರೆಯ ಹೆಸರು ಬೇಡ. ಮಗು ಅಳಲಿಲ್ಲ. ತಲೆಕೆಳಗಾಗಿ ಹಿಡಿದು ಬೆನ್ನಿಗೆ ಹೊಡೆದರು, ಕಾಲಿಗೆ ಹೊಡೆದರು, ಆಮೇಲೆ ಅತ್ತಿತು. ಹೊಡೆತ ತಿಂದೇ ಈ ಲೋಕಕ್ಕೆ ಬಂದ ಮಗು ಅದು. ಎರಡನೆಯ ವಾರಕ್ಕೆ ಫಿಟ್ಸ್ ಬಂತು. ತೊಟ್ಟಿಲಲ್ಲಿ ಇಡೀ ಮೈ ಜಗ್ಗಿ ಜಗ್ಗಿ ಒಗೆಯುತ್ತಿತ್ತು, ತುಟಿ ನೀಲಿಯಾಗುತ್ತಿತ್ತು. ಅತ್ತೆ ನೀಲಮ್ಮ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು, ನನ್ನ ಗಂಡ ಮಲ್ಲಣ್ಣ ಬೀದಿಗೆ ಓಡಿ ಆಟೋದ ಮುಂದೆ ಅಡ್ಡ ನಿಂತರು.

ಕಾಯಿಲೆಯ ಹೆಸರು ತಿಳಿದದ್ದು ಒಂದೂವರೆ ವರ್ಷದ ಮೇಲೆ. ದೊಡ್ಡ ಊರಿನ ಡಾಕ್ಟರೊಬ್ಬರು ಮೊಬೈಲ್ ನೋಡುತ್ತಲೇ, "ಸೆರೆಬ್ರಲ್ ಪಾಲ್ಸಿ" ಎಂದರು.

"ಎಷ್ಟ್ ದಿನದಾಗ ಹೋಗ್ತದ್ರಿ?" ಎಂದು ಮಲ್ಲಣ್ಣ ಕೇಳಿದರು.

"ಹೋಗೋದಲ್ಲ ಇದು. ಇದರ ಜೊತೆ ಇರಬೇಕು."

ಮಲ್ಲಣ್ಣ ಶಾಂತವಾಗಿ ಎದ್ದು, ಹೊರಗೆ ಬಂದು, ಕಾರಿಡಾರಿನ ಗೋಡೆಗೆ ಮುಷ್ಟಿಯಿಂದ ಗುದ್ದಿದರು. ಒಂದು ಸಲವಲ್ಲ, ಗೆಣ್ಣು ಒಡೆಯುವವರೆಗೂ ಗುದ್ದಿದರು. ಕಬ್ಬಿಣದ ಅಂಗಡಿಯಲ್ಲಿ ಸಲಾಕೆ ಎತ್ತಿಳಿಸುವ ಕೈ ಅದು, ಗೋಡೆಯ ಸುಣ್ಣವೇ ಉದುರಿತು. ನರ್ಸ್ ಬಂದು ಬೈಯುತ್ತಾ ಪಟ್ಟಿ ಕಟ್ಟಿದಳು. ಮಗಳನ್ನು ತೋರಿಸಲು ಹೋಗಿ ಅಪ್ಪ ಪಟ್ಟಿ ಕಟ್ಟಿಸಿಕೊಂಡು ಬಂದರು. ಬಸ್ಸಿನಲ್ಲಿ ನನಗೆ ಒಮ್ಮೆಲೇ ನಗು ಬಂತು, ಅವರಿಗೂ ಬಂತು, ಆಮೇಲೆ ಇಬ್ಬರೂ ಅತ್ತೆವು.

ಯಾದಗಿರಿಯ ಕೇಂದ್ರಕ್ಕೆ ಹೋಗಲು ಶುರು ಮಾಡಿದ್ದು ಅದಾದ ಎಷ್ಟೋ ದಿನಗಳ ಮೇಲೆ. ಎರಡು ಕೋಣೆ, ಒಂದು ಪಡಸಾಲೆ. ಒಳಗೆ ಮಕ್ಕಳ ಕೈಕಾಲು ಎಳೆದು ಬಾಗಿಸುವಾಗ ಏಳುವ ಚೀರಾಟಕ್ಕೆ ಪಡಸಾಲೆಯಲ್ಲಿ ಕೂತ ಮಕ್ಕಳು ಸರದಿ ಬರುವ ಮೊದಲೇ ಅಳುತ್ತಿದ್ದವು. ತಾಯಂದಿರು ಕಿವಿ ಮುಚ್ಚುತ್ತಿದ್ದೆವು, ನಮ್ಮದಲ್ಲ, ಮಕ್ಕಳದು. ಅಲ್ಲಿಗೆ ಬರುತ್ತಿದ್ದ ಕೊಡೇಕಲ್ಲಿನ ಒಬ್ಬ ಹಿರಿಯ ಹೆಂಗಸು ಮೊಮ್ಮಗನನ್ನು ಮಡಿಲಲ್ಲಿಟ್ಟುಕೊಂಡು, ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿದ ಡಬ್ಬಿ ಹಿಡಿದು ಕೂತಿರುತ್ತಿದ್ದರು. ಯಾವ ತಾಯಿ ಹೊರಬಂದರೂ, "ಎಲ್ಲಿ ಕಚ್ಚ್ಯದವ್ವಾ, ತೋರಿಸು" ಎಂದು ಹಚ್ಚುತ್ತಿದ್ದರು. ನನ್ನ ಭುಜದ ಗಾಯ ಮಾಗಿದ್ದು ಆ ಡಬ್ಬಿಯಿಂದ. ಅಷ್ಟು ಮೆತ್ತಗೆ ನನ್ನ ಮೈ ಮುಟ್ಟಿದವರು ಆ ದಿನಗಳಲ್ಲಿ ಬೇರೆ ಯಾರೂ ಇರಲಿಲ್ಲ.

ವ್ಯಾಯಾಮ ಮಾಡಿಸುವವರು ರುಬೀನಾ ಮೇಡಂ. ಗಟ್ಟಿ ಹೆಂಗಸು, ಗಟ್ಟಿ ದನಿ. ಮಕ್ಕಳು ಅತ್ತರೆ ಅವರ ಕೈ ನಿಲ್ಲುತ್ತಿರಲಿಲ್ಲ. "ಅಳ್ಲಿ ಬಿಡ್ರಿ. ಅತ್ರ ಎದ್ಯಾಗಿನ ಫೇಫಡಾ ಗಟ್ಟಿ ಆಗ್ತಾವ, ಉಸಿರು ಚಲೋ ಆಗ್ತದ. ನೀವ್ ಅಳಬ್ಯಾಡ್ರಿ, ನಿಮ್ಮವು ಗಟ್ಟಿ ಅದಾವ" ಎನ್ನುತ್ತಿದ್ದರು. ಬಲಗೈ ಕಟ್ಟುವ ಮಾತು ಮೊದಲು ತೆಗೆದವರು ಅವರೇ. ಜೊತೆಗೆ ಒಬ್ಬ ಯುವ ಡಾಕ್ಟರು ಒಂದು ಯಂತ್ರ ತಂದಿದ್ದರು. ಚಿಕಿತ್ಸೆಯ ಮೊದಲೊಮ್ಮೆ, ಒಂದೂವರೆ ತಿಂಗಳ ಮೇಲೊಮ್ಮೆ ಮಕ್ಕಳ ನರಮಂಡಲವನ್ನು ಅಳೆದು, ಒಳಗೆ ಏನಾದರೂ ಬದಲಾಗಿದೆಯೇ ನೋಡುವುದು ಅವರ ಕೆಲಸ.

ಅಳೆಯುವುದು ಎಂದರೆ ಟೇಪು ಹಿಡಿದು ಅಳೆಯುವುದಲ್ಲ. ತಲೆಗೆ ತೂತು ತೂತಿನ ಬಟ್ಟೆಯ ಟೋಪಿ. ಒಂದೊಂದು ತೂತಿನಲ್ಲೂ ತಂಪು ಅಂಟು ಹಚ್ಚಿ ಒಂದೊಂದು ವೈರು. ಮಣಿಕಟ್ಟಿಗೆ ಸಣ್ಣ ಕರೆಂಟು ಕೊಟ್ಟರೆ ಹೆಬ್ಬೆರಳು ಟಕ್ಕನೆ ಕುಣಿಯುತ್ತದೆ, ಆ ಸುದ್ದಿ ತಲೆಗೆ ಮುಟ್ಟಿದರೆ ಪರದೆಯ ಮೇಲೆ ಅಲೆ ಏಳುತ್ತದೆ. ಕರೆಂಟು ಎಂದ ಕೂಡಲೇ ನಾನು ಡಾಕ್ಟರ ಕೈ ಹಿಡಿದುಕೊಂಡೆ. ಅವರು ಸುಮ್ಮನೆ ತಮ್ಮ ಮಣಿಕಟ್ಟಿಗೆ ಹಚ್ಚಿಕೊಂಡು ತೋರಿಸಿದರು, ಆಮೇಲೆ ನನ್ನದಕ್ಕೆ. ಇರುವೆ ಕಡಿದಷ್ಟು. ಚೆನ್ನಿಗೆ ಅದಕ್ಕಿಂತ ಟೋಪಿಯ ಮೇಲೆ ಸಿಟ್ಟು. ನಾನು ಕಾಲು ಹಿಡಿದೆ, ಮಲ್ಲಣ್ಣ ತಲೆ ಹಿಡಿದರು, ರುಬೀನಾ ಮೇಡಂ ಕೈ ಹಿಡಿದರು. ಸುಮ್ಮನೆ ಮಲಗಿರಬೇಕಾದ ಪರೀಕ್ಷೆ ಅದು. ಚೀರಿ ಚೀರಿ ದಣಿದು ಅವಳು ನಿದ್ದೆ ಹೋದ ಮೇಲೆಯೇ ಅಲೆ ಸಿಕ್ಕಿದ್ದು.

ಬಲಗೈಯ ಅಲೆ ಚೆನ್ನಾಗಿ ಎದ್ದು ಇಳಿಯಿತು. ಎಡಗೈಯದು, ಹಾಸಿದ ಚಾದರದ ಕೆಳಗೆ ಒಂದು ಕಡಲೆಕಾಳು ಸಿಕ್ಕಿಕೊಂಡಷ್ಟು.

"ಸುದ್ದಿ ಹೋಗ್ತಿದೆ, ಆದರೆ ತಲೆ ಅದನ್ನು ಲೆಕ್ಕಕ್ಕೇ ತಗೊಳ್ತಿಲ್ಲ" ಎಂದರು ಡಾಕ್ಟರು. "ಕೈ ಕಟ್ಟಿ ನೋಡೋಣ. ಆಮೇಲೆ ಮತ್ತೆ ಅಳೆಯೋಣ."

ನನಗೆ ಬೇಕಾದದ್ದು ಇಷ್ಟೇ. ಆ ಕಡಲೆಕಾಳು ಸ್ವಲ್ಪ ದೊಡ್ಡದಾಗಬೇಕು, ಆ ಮುಷ್ಟಿ ತೆರೆಯಬೇಕು. ಆಮೇಲಿನ ಹೊಡೆದಾಟವೆಲ್ಲ ಇದಕ್ಕಾಗಿಯೇ.

ಮನೆಯಲ್ಲಿ ರಣರಂಗ ಎದ್ದಿತು. ಬಲಗೈಯಿಲ್ಲದೆ ಉಣ್ಣಲಾಗದೆ ಚೆನ್ನಿ ತಟ್ಟೆಯನ್ನು ಹಣೆಯಿಂದ ಗುದ್ದಿ ಉರುಳಿಸುತ್ತಿದ್ದಳು. ಗವಸಿನ ಕೈಯಿಂದ ಗೋಡೆಗೆ, ಬಾಗಿಲಿಗೆ, ನನ್ನ ಮುಖಕ್ಕೆ ಹೊಡೆಯುತ್ತಿದ್ದಳು. ಆಟಿಕೆಯನ್ನು ಎಡಗಡೆಗೆ ಇಟ್ಟರೆ ಒದೆಯುತ್ತಿದ್ದಳು. "ಬಿಚ್ಚ ರಂಡಿ" ಎಂದು ಒಮ್ಮೆ ನನಗೇ ಬೈದಳು, ಎಲ್ಲಿ ಕಲಿತಳೋ, ಬಹುಶಃ ನನ್ನಿಂದಲೇ. ಆ ಚೀರಾಟ ತಾಳದೆ ಮಲ್ಲಣ್ಣ ಬೆಳಿಗ್ಗೆ ಚಹಾ ಕುಡಿಯದೆ ಅಂಗಡಿಗೆ ಹೋಗಿಬಿಡುತ್ತಿದ್ದರು. ಅತ್ತೆ ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ನಾನು ಕಟ್ಟುವುದು, ನಾನು ಅಂಗಡಿಗೆ ಹೋದ ಮೇಲೆ ಅವರು ಬಿಚ್ಚುವುದು. ಬಂದು ನೋಡಿದರೆ ಪಟ್ಟಿ ಒಲೆಯ ಬೂದಿಯಲ್ಲಿ ಬಿದ್ದಿರುತ್ತಿತ್ತು.

"ಯಾಕ್ ಬಿಚ್ಚಿದ್ರಿ?"

"ಕೂಸಿನ ಕೈ ಕಟ್ಟೂದು ನಮ್ಮ ಮನ್ಯಾಗ ನಡ್ಯಾಂಗಿಲ್ಲ. ದೇವ್ರು ಒಂದ ಕೈ ಕೊಟ್ಟಾನ, ಅದನ್ನೂ ನೀ ಕಸಗೊಂತಿ."

"ನಿಮಗ ತಿಳ್ಯಾಂಗಿಲ್ಲ, ಸುಮ್ಕಿರ್ರಿ."

"ತಿಳ್ಯಾಂಗಿಲ್ಲ ಅಂತ ಬಾಯಿ ಮಾಡಬ್ಯಾಡ. ನಾನೂ ಹಡದಾಕಿ."

ನಾನು ಚೆನ್ನಿಯನ್ನು ಅಂಗಡಿಗೇ ಕರೆದೊಯ್ಯಲು ಶುರು ಮಾಡಿದೆ. ಬಟ್ಟೆಯ ಥಾನುಗಳ ನಡುವೆ ಕೂರಿಸಿ, ಎಡಗಡೆಗೆ ಬಣ್ಣಬಣ್ಣದ ಚಿಂದಿ ಚೆಲ್ಲಿ, "ಕೆಂಪು ಕೊಡು, ಹಸರು ಕೊಡು" ಎನ್ನುತ್ತಿದ್ದೆ. ಮುಷ್ಟಿಯಿಂದ ತಳ್ಳಿ ತಳ್ಳಿ ಕೊಡುತ್ತಿದ್ದಳು. ಒಂದು ದಿನ ಒಂದು ಚಿಂದಿಯ ಅಂಚು ಬೆರಳ ಸಂದಿಯಲ್ಲಿ ಸಿಕ್ಕಿ ಬಂತು. ಹಿಡಿದಳೋ, ಸಿಕ್ಕಿಕೊಂಡಿತೋ ಗೊತ್ತಾಗಲಿಲ್ಲ. ಗಿರಾಕಿಯ ಅಸ್ತರು ಕತ್ತರಿಸುತ್ತಿದ್ದವಳು ನಾನು ಕತ್ತರಿ ತಪ್ಪಿ ಅವರ ಇಡೀ ಬಟ್ಟೆ ಹಾಳು ಮಾಡಿದೆ.

ಯಾದಗಿರಿಗೆ ಹೋಗುವ ಬಸ್ಸಿನಲ್ಲಿ ಹೊಡೆತವನ್ನೂ ತಿಂದೆ. ಚೆನ್ನಿ ಕಟ್ಟಿದ ಕೈ ಎತ್ತಿ ತೋರಿಸುತ್ತಾ, "ಬಿಚ್ಚ್ರಿ, ಬಿಚ್ಚ್ರಿ, ನಮ್ಮವ್ವ ಕಟ್ಯಾಳ" ಎಂದು ಇಡೀ ಬಸ್ಸಿಗೆ ಕೇಳುವಂತೆ ಅಳುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ಮುದನಾಳದ ಒಬ್ಬ ಹೆಂಗಸು ನನ್ನ ತೋಳು ಹಿಡಿದಳು.

"ಯಾವ ಊರಾಕೆ ನೀ? ಕೂಸಿನ ಕೈ ಕಟ್ಟಿ ಭಿಕ್ಷಾ ಬೇಡ್ಸಾಕ ಒಯ್ಯಾಕತ್ತೀಯೇನ?"

"ನನ್ನ ಮಗಳದಾಳ. ದವಾಖಾನಿಗಿ ಹೊಂಟೀನಿ. ಕೈ ಬಿಡು."

"ಸುಳ್ಳ ಹೇಳ್ತಿ!" ಎಂದು ರಪ್ಪನೆ ಕೆನ್ನೆಗೆ ಹೊಡೆದೇಬಿಟ್ಟಳು. ನಾನು ತಿರುಗಿ ಹೊಡೆದೆ. ಅವಳು ನನ್ನ ತುರುಬು ಹಿಡಿದಳು, ನಾನು ಅವಳ ಕುಪ್ಪಸ ಹಿಡಿದೆ. ಭೀಮಾ ನದಿಯ ಸೇತುವೆಯ ಮೇಲೆ ಬಸ್ಸು ನಿಂತಿತು, ಕಂಡಕ್ಟರ್ ಸೀಟಿ ಊದಿ ಊದಿ ಸುಸ್ತಾದ. ಕೇಂದ್ರದ ಚೀಟಿ ನೋಡಿ ನಿಜ ತಿಳಿದ ಮೇಲೆ ಆಕೆಗೆ ಮುಖ ಎತ್ತಲಾಗಲಿಲ್ಲ. ಕುಳಿತುಕೊಳ್ಳಲು ಅಷ್ಟೊತ್ತಿಗೆ ಒಂದೇ ಸೀಟು ಖಾಲಿಯಾಗಿತ್ತು. ನನ್ನನ್ನು ಅದರಲ್ಲಿ ಕೂರಿಸಿ, ತಾನು ನಿಂತು, ಯಾದಗಿರಿ ಬರುವವರೆಗೆ ಚೆನ್ನಿಯ ಮೂಗು ಒರೆಸುತ್ತಾ ಬಂದಳು. ಕಂಡವರ ಮಗುವಿಗಾಗಿ ಬಡಿದಾಡುವ ಹೆಂಗಸರು ನಮ್ಮ ಕಡೆ ಇನ್ನೂ ಇದ್ದಾರೆ ಎಂದು ನನಗೆ ಕೆನ್ನೆ ಉರಿಯುತ್ತಲೇ ಸಮಾಧಾನವಾಯಿತು.

ಚಿಕಿತ್ಸೆಯ ಕೊನೆಯ ದಿನಗಳಲ್ಲಿ ಸೂರ್ಯಗ್ರಹಣ ಬಂತು.

ನಮ್ಮ ಭಾಗದ ಕೆಲವು ಊರುಗಳಲ್ಲಿ ಒಂದು ನಂಬಿಕೆಯಿದೆ. ಕೈಕಾಲು ಸ್ವಾಧೀನವಿಲ್ಲದ ಮಕ್ಕಳನ್ನು ಗ್ರಹಣ ಹಿಡಿದಾಗ ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತು, ಗ್ರಹಣ ಬಿಟ್ಟ ಮೇಲೆ ತೆಗೆದರೆ ಮೈ ನೆಟ್ಟಗಾಗುತ್ತದಂತೆ. ಅತ್ತೆ ಸಣ್ಣವರಿದ್ದಾಗ ತವರೂರಲ್ಲಿ ತೆವಳುತ್ತಿದ್ದ ಹುಡುಗನೊಬ್ಬ ಮಣ್ಣಿನಿಂದ ಎದ್ದು ನಿಂತದ್ದನ್ನು ಕಣ್ಣಾರೆ ನೋಡಿದ್ದಾರಂತೆ. ಆ ಮಾತು ಅವರು ತೆಗೆದಾಗೆಲ್ಲ ನಾನು ನಗುತ್ತಿದ್ದೆ. ಸುರಪುರದ ನಮ್ಮಪ್ಪ, ಲಿಂಗ ಕಟ್ಟಿಕೊಂಡವರಿಗೆ ಗ್ರಹಣ ಎಲ್ಲಿಯದು ಎಂದು ಗ್ರಹಣದ ಹೊತ್ತಿಗೇ ಎಲೆ ಹಾಕಿಸಿಕೊಂಡು ಉಣ್ಣುತ್ತಿದ್ದ ಮನುಷ್ಯ. ಅತ್ತೆಯೂ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕುವವರಲ್ಲ. ಆದರೆ ಗ್ರಹಣ ಎಂದರೆ ಕುಡಿಯುವ ನೀರಿಗೂ ಗರಿಕೆ ಹಾಕುತ್ತಿದ್ದರು.

ಅಂದು ಬೆಳಿಗ್ಗೆ ಬಜಾರೆಲ್ಲ ಬಾಗಿಲು ಮುಚ್ಚಿತ್ತು. ಹಟಕ್ಕೆ ಬಿದ್ದು ನಾನೊಬ್ಬಳೇ ಅಂಗಡಿಯ ಶಟರ್ ಎತ್ತಿದೆ. "ಚೆನ್ನಿನ ನಾ ನೋಡ್ಕೋತೀನಿ, ಹೋಗು" ಎಂದು ಮಲ್ಲಣ್ಣ ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ ಹೇಳಿದ್ದರು. ಒಬ್ಬ ಗಿರಾಕಿಯೂ ಬರಲಿಲ್ಲ. ಬೆಳಕು ಮಂಕಾಗುತ್ತಾ ಬಂದಾಗ ಆ ಮೆತ್ತನೆಯ ದನಿ ನೆನಪಾಯಿತು. ಶಟರ್ ಎಳೆಯದೆಯೇ ಮನೆಗೆ ಓಡಿದೆ. ಬೀಗ. ಪಕ್ಕದ ಮನೆಯಾಕೆ ಕಿಟಕಿಯಿಂದಲೇ, "ನಿಮ್ಮತ್ತಿ ತವರಿಗಿ ಹೋಗ್ಯಾಳ. ಕೂಸಿನ ಕರಕೊಂಡ, ನಿನ ಗಂಡನೂ ಹೋಗ್ಯಾನ" ಎಂದಳು.

ಸ್ಕೂಟಿ ತೆಗೆದೆ. ರಸ್ತೆಯಲ್ಲಿ ನಾಯಿಯೂ ಇರಲಿಲ್ಲ. ದಾರಿಯುದ್ದಕ್ಕೂ ಗಂಡನಿಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಅತ್ತೆಯ ತವರೂರಿನ ಹೆಸರು ಬರೆಯುವುದಿಲ್ಲ, ನನಗೆ ಬೇಕಾದವರು ಅಲ್ಲೂ ಇದ್ದಾರೆ. ಊರ ಹೊರಗೆ ತಿಪ್ಪೆಗುಂಡಿಗಳ ಪಕ್ಕದ ಬಯಲಿನಲ್ಲಿ ಜನ ನೆರೆದಿದ್ದರು. ದೂರದಿಂದ ನೋಡಿದರೆ ನೆಲದ ಮೇಲೆ ಮಡಕೆ ಬೋರಲು ಹಾಕಿದ ಹಾಗೆ ಕಾಣುತ್ತಿತ್ತು. ಹತ್ತಿರ ಹೋದರೆ ಮಕ್ಕಳ ತಲೆಗಳು.

ಒಂದು ಮಗು ಕಣ್ಣು ಮೇಲೆ ಮಾಡಿ ಜೊಲ್ಲು ಸುರಿಸುತ್ತಿತ್ತು. ಇನ್ನೊಂದು ನಿದ್ದೆ ಹೋಗಿತ್ತು, ನಿದ್ದೆಯೇ ಎಂದು ನಾನು ನಂಬಿದೆ. ಚೆನ್ನಿ ಚೀರಿ ಚೀರಿ ಗಂಟಲು ಹೋಗಿ, ಬಾಯಿ ಮಾತ್ರ ತೆರೆದು ಮುಚ್ಚುತ್ತಿದ್ದಳು. ಕೆನ್ನೆಯ ಮೇಲೆ ಇರುವೆ ಹರಿಯುತ್ತಿತ್ತು. ಅತ್ತೆ ಅವಳ ಪಕ್ಕದಲ್ಲಿ ಮೊಣಕಾಲೂರಿ ಕೂತು, ಸೆರಗನ್ನು ಅವಳ ತಲೆಯ ಮೇಲೆ ನೆರಳಾಗಿ ಹಿಡಿದು, ಇನ್ನೊಂದು ಕೈಯಿಂದ ಇರುವೆ ಒರೆಸುತ್ತಾ ಅಳುತ್ತಿದ್ದರು. "ಆತವ್ವಾ, ಆತ್ ನನ ಬಂಗಾರಾ, ಇನ್ನೊಂದೀಟ" ಎನ್ನುತ್ತಿದ್ದರು.

ನಾನು ನೆಲಕ್ಕೆ ಬಿದ್ದು ಕೈಯಿಂದಲೇ ಮಣ್ಣು ಕೆರೆದೆ. ಸೆಗಣಿ ನೀರು ಕಲಸಿ ತುಳಿದ ಮಣ್ಣು, ಉಗುರು ಕಿತ್ತು ಬಂತು. ಯಾರೋ ಇಬ್ಬರು ಕೂದಲು ಹಿಡಿದು ಎಳೆದರು. "ಗ್ರಾಣ ಬಿಡೂತನಕಾ ಮುಟ್ಟಬ್ಯಾಡ, ಕೂಸು ಸಾಯ್ತದ!" ಎಂದು ಒಬ್ಬಳು ಕೂಗಿದಳು. ಒಬ್ಬಳ ಕೈ ಕಚ್ಚಿದೆ, ನನ್ನ ಮಗಳು ಕಚ್ಚುವ ಹಾಗೆಯೇ. ಬದಿಯಲ್ಲಿ ಸಲಿಕೆ ಬಿದ್ದಿತ್ತು, ಎತ್ತಿಕೊಂಡೆ. ಮಲ್ಲಣ್ಣ ಓಡಿ ಬಂದು ನನ್ನ ರಟ್ಟೆ ಹಿಡಿದರು.

"ಮಹಾದೇವಿ, ಹುಚ್ಚ ಹಿಡಿದದೇನ ನಿನಗ?"

ಸಲಿಕೆಯನ್ನು ಬೀಸಿದೆ. ಚಪ್ಪಟೆ ಬದಿ ಅವರ ಮುಂಗೈಗೆ ಬಡಿದ ಸದ್ದು ಇಡೀ ಬಯಲಿಗೆ ಕೇಳಿಸಿತು. ಅವರು ಕೈ ಹಿಡಿದುಕೊಂಡು ಕೂತುಬಿಟ್ಟರು. ಆಮೇಲೆ ಯಾರೂ ನನ್ನ ಹತ್ತಿರ ಬರಲಿಲ್ಲ. ಅತ್ತೆ ಮಾತ್ರ ಎದ್ದು ನನ್ನ ಎದುರು ನಿಂತರು, ಸಲಿಕೆಗೆ ಎದೆ ಕೊಟ್ಟು.

"ಹೊಡಿ, ನನಗೂ ಹೊಡಿ. ನೀ ದಿನಾ ಕೈ ಕಟ್ಟಿ ಚೀರಸ್ತಿ, ಅದು ಔಷಧ. ನಾ ಒಂದ್ ತಾಸು ಮಣ್ಣಾಗ ಇಟ್ರ ಅದು ಪಾಪಾ? ಯಾರ್ ಹೇಳ್ಯಾರ ನಿನಗ?"

ಈಗ ಕೇಳಿದರೆ ನೂರು ಉತ್ತರ ಹೇಳಬಲ್ಲೆ, ಡಾಕ್ಟರು ಹೇಳಿಕೊಟ್ಟಿದ್ದಾರೆ. ಅಂದು, ಮಗಳ ತೆರೆದ ಬಾಯಿಯ ಮುಂದೆ, ಒಂದೂ ಬರಲಿಲ್ಲ. ಅವರನ್ನು ತಳ್ಳಿ ಅಗೆದೆ. ಮೂಲಂಗಿ ಕಿತ್ತ ಹಾಗೆ ಚೆನ್ನಿಯನ್ನು ಎಳೆದು ತೆಗೆದೆ. ಉಚ್ಚೆಯಲ್ಲಿ ತೊಯ್ದು, ತಣ್ಣಗೆ, ನಡುಗುತ್ತಿದ್ದಳು. ಎಡಗೈ ಮುಷ್ಟಿಯಲ್ಲಿ ಮಣ್ಣಿನ ಹೆಂಟೆಯಿತ್ತು. ಬೆರಳ ಮೇಲಲ್ಲ, ಒಳಗೆ. ಮುಷ್ಟಿ ತೆರೆಯದೆ ಅದು ಒಳಗೆ ಹೋಗಲು ಸಾಧ್ಯವೇ ಇರಲಿಲ್ಲ. ಅದನ್ನು ನನ್ನ ಜೊತೆ ಅತ್ತೆಯೂ ನೋಡಿದರು.

"ನೋಡ್! ಕೈ ತೆರ್ದದ! ಮಣ್ಣ ತೆರಸ್ಯದ!" ಎಂದು ಬಯಲಿನ ಜನಕ್ಕೆಲ್ಲ ಕೇಳುವಂತೆ ಕೂಗಿದರು.

ಉಳಿದ ತಲೆಗಳನ್ನು ಅಲ್ಲೇ ಬಿಟ್ಟು ಬಂದೆ. ಚೆನ್ನಿಯನ್ನು ಸೆರಗಿನಿಂದ ಹೊಟ್ಟೆಗೆ ಕಟ್ಟಿಕೊಂಡು ಸುರಪುರಕ್ಕೆ ಸ್ಕೂಟಿ ತಿರುಗಿಸಿದೆ. ಅಪ್ಪ ಅಂಗಳದಲ್ಲಿ ಬಿಸಿನೀರು ಹಾಕಿ ಅವಳ ಕಿವಿಯೊಳಗಿನ ಮಣ್ಣು ತೆಗೆಯುತ್ತಾ, ಜೀವಮಾನದಲ್ಲಿ ಆಡದ ಕೆಟ್ಟ ಮಾತುಗಳನ್ನೆಲ್ಲ ಬೀಗರಿಗೆ ಆಡಿದರು. ಅಂದಿನಿಂದ ಚೆನ್ನಿಗೆ ಒಂದು ಹೊಸ ಭಯ ಅಂಟಿತು. ಯಾರೇ ಒಮ್ಮೆಲೇ ಎತ್ತಿಕೊಂಡರೂ ಮೈ ಕಟ್ಟಿಗೆಯಾಗಿ, ಹೂಳಲು ಒಯ್ಯುತ್ತಿದ್ದಾರೆಂದು ಚೀರುತ್ತಿದ್ದಳು. ನಾನು ಎತ್ತಿಕೊಂಡರೂ ಅಷ್ಟೇ. ಗವಸನ್ನು ಮಾತ್ರ ನಾನು ನಿಲ್ಲಿಸಲಿಲ್ಲ. ಕಟ್ಟುವಾಗ ಅತ್ತೆಯ ಮಾತು ಕಿವಿಯಲ್ಲಿ ಗುಂಯ್ಗುಡುತ್ತಿತ್ತು, ಆದರೂ ಕಟ್ಟಿದೆ.

ಒಂದು ವಾರ ಬಿಟ್ಟು ಮಲ್ಲಣ್ಣ ಸುರಪುರಕ್ಕೆ ಬಂದರು. ಮುಂಗೈ ಊದಿ ನೀಲಿಯಾಗಿತ್ತು. ಮೂಳೆ ಮುರಿದಿರಲಿಲ್ಲ. ಅಪ್ಪ ಒಳಗೆ ಕರೆಯಲಿಲ್ಲ, ಮಲ್ಲಣ್ಣ ಹೊರಗೆ ಕಟ್ಟೆಯ ಮೇಲೆ ಕೂತೇ ಮಾತಾಡಿದರು.

"ಅವ್ವನ ಮಾತು ಕೇಳಿ ತಪ್ಪ ಮಾಡ್ದೆ. ಆದ್ರ ನಿನ್ನ ಮಾತು ಕೇಳಿ ದಿನಾ ಆಕೀನ ಚೀರಸೂದೂ ನನಗ ನೋಡಾಕ ಆಗಾಂಗಿಲ್ಲ. ಅವ್ವನ ಮಣ್ಣೂ ಸಾಕು, ನಿನ್ನ ಕಟ್ಟೂದೂ ಸಾಕು. ಕೂಸಿನ ಇದ್ದಾಂಗ ಬಿಟ್ಟಬಿಡೋಣು."

"ಅಳತಿ ಒಂದ ಉಳದದ."

"ಆತು. ಯಂತ್ರದಾಗ ಏನೂ ಬದಲ ಆಗಿಲ್ಲಂದ್ರ ಅಲ್ಲಿಗಿ ಮುಗೀತು. ಮತ್ತ ಆ ದವಾಖಾನಿ ಮೆಟ್ಟಲಾ ಹತ್ತಾಂಗಿಲ್ಲ. ಒಪ್ಪಿಗಿ ಅದನ?"

ಒಪ್ಪಿಕೊಂಡೆ. ಮಣ್ಣಿನ ಹೆಂಟೆ ನೋಡಿದ್ದೆನಲ್ಲ, ಅಲೆ ಏಳುತ್ತದೆ ಎಂಬ ಧೈರ್ಯವಿತ್ತು. ಆ ಮುಷ್ಟಿ ತೆರೆದದ್ದು ನನ್ನ ಗವಸಿನಿಂದ ಎಂದು ಯಂತ್ರದ ಬಾಯಿಂದ ಹೇಳಿಸಿ, ಅತ್ತೆಯ ಮುಖದ ಮೇಲೆ ಎಸೆಯಬೇಕು ಎಂಬ ಸಿಟ್ಟೂ ಇತ್ತು.

ಎರಡನೆಯ ಅಳತೆಯ ದಿನ ಪಡಸಾಲೆಯಲ್ಲಿ ನಾವಿಬ್ಬರೂ ಚೆನ್ನಿಯನ್ನು ನಡುವೆ ಇಟ್ಟುಕೊಂಡು ಕೂತಿದ್ದೆವು. ಕೊಡೇಕಲ್ಲಿನ ಅಜ್ಜಿ ನನ್ನ ಕಿತ್ತ ಉಗುರಿಗೂ ಹಚ್ಚಿದರು, ಮಲ್ಲಣ್ಣನ ಮುಂಗೈಗೂ ಹಚ್ಚಿದರು, ಯಾರು ಯಾರಿಗೆ ಹೊಡೆದರೆಂದು ಕೇಳಲಿಲ್ಲ.

ಒಳಗೆ ಡಾಕ್ಟರು, "ಈ ನಡುವೆ ಕೈ ಕಟ್ಟುವುದು ಬಿಟ್ಟು ಬೇರೆ ಏನಾದರೂ ಮಾಡಿದಿರಾ?" ಎಂದು ಕೇಳಿದರು.

"ಹೂತಿದ್ವಿ" ಎಂದೆ. ಮಲ್ಲಣ್ಣ ತಲೆ ತಗ್ಗಿಸಿದರು. ಡಾಕ್ಟರು ನನ್ನನ್ನೇ ನೋಡಿದರು, ರುಬೀನಾ ಮೇಡಂ ಚೆನ್ನಿಯ ಕುತ್ತಿಗೆಯ ಸುತ್ತ ಇನ್ನೂ ಮಾಸದ ಗೀರನ್ನು ನೋಡಿ, "ಯಾ ಅಲ್ಲಾ" ಎಂದು ಅವಳ ನೆತ್ತಿಗೆ ಕೆನ್ನೆ ಹಚ್ಚಿದರು. ಅಷ್ಟು ಗಟ್ಟಿ ಹೆಂಗಸಿನ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ.

ಈ ಸಲ ಚೆನ್ನಿ ಚೀರಲಿಲ್ಲ. ಚಾವಣಿ ನೋಡುತ್ತಾ ಮಲಗಿದ್ದಳು. ಅವಳು ಸುಮ್ಮನಿದ್ದದ್ದೇ ನನಗೆ ಹೆದರಿಕೆಯಾಯಿತು. ಬಲಗೈ ಅಳೆದಾದ ಮೇಲೆ ಅದಕ್ಕೆ ಮತ್ತೆ ಗವಸು ತೊಡಿಸಿ, ಎಡ ಮಣಿಕಟ್ಟಿಗೆ ಕರೆಂಟು ಕೊಟ್ಟರು. ಡಾಕ್ಟರು ಹಳೆಯ ಅಲೆಯನ್ನೂ ಹೊಸ ಅಲೆಯನ್ನೂ ಒಂದರ ಮೇಲೊಂದು ಇಟ್ಟರು. ಕಣ್ಣು ಕಿರಿದು ಮಾಡಿ ನೋಡಿದೆ. ಅದೇ ಚಾದರ, ಅದೇ ಕಡಲೆಕಾಳು.

"ಬಹಳ ವ್ಯತ್ಯಾಸ ಇಲ್ಲ" ಎಂದರು ಡಾಕ್ಟರು, ನೊಂದ ದನಿಯಲ್ಲಿ. "ಹಾಗಂತ ಏನೂ ಆಗಿಲ್ಲ ಅಂತ ಅಲ್ಲ. ಈ ಯಂತ್ರಕ್ಕೆ ಎಲ್ಲವೂ ಕಾಣೋದಿಲ್ಲ. ಇನ್ನೂ ಸ್ವಲ್ಪ ದಿನ..."

ಅಷ್ಟು ಕಚ್ಚಿಸಿಕೊಂಡದ್ದು, ಅಷ್ಟು ಚೀರಿಸಿದ್ದು, ಬಸ್ಸಿನಲ್ಲಿ ಹೊಡೆದಾಡಿದ್ದು, ಗಂಡನ ಕೈ ಊದಿಸಿದ್ದು, ಎಲ್ಲವೂ ಒಂದು ಕಡಲೆಕಾಳಿನಷ್ಟೂ ಅಲ್ಲ. ಅತ್ತೆಯೂ ಸೋತಿದ್ದರು, ನಾನೂ ಸೋತಿದ್ದೆ. ಅವರ ಮಣ್ಣಿಗೂ ನನ್ನ ಗವಸಿಗೂ ಆ ಪರದೆಯ ಮೇಲೆ ಒಂದೇ ಬೆಲೆ.

ಮಲ್ಲಣ್ಣ ಎದ್ದರು. ಸಿಟ್ಟಿರಲಿಲ್ಲ, ಬಿಡುಗಡೆಯಾದವರ ಹಾಗೆ ಇದ್ದರು. "ಸಾಕ್ರಿ ಡಾಕ್ಟ್ರೇ. ನಡಿ ಮಹಾದೇವಿ, ಮನಿಗಿ ಹೋಗೋಣು" ಎಂದು ಬಗ್ಗಿ, ಟೋಪಿ ತೆಗೆದ ಕೂಡಲೇ, ಚೆನ್ನಿಯ ಕಂಕುಳಿಗೆ ಕೈ ಹಾಕಿ ಒಮ್ಮೆಲೇ ಎತ್ತಿದರು.

ಬಯಲಿಗೆ ಒಯ್ದದ್ದು ಇದೇ ಕೈಗಳು. ಹಾಗೆಯೇ, ಕಂಕುಳಿಗೆ ಕೈ ಹಾಕಿಯೇ ಗುಂಡಿಗೆ ಇಳಿಸಿದ್ದಂತೆ. ಚೆನ್ನಿಯ ಕಣ್ಣುಗಳು ದೊಡ್ಡವಾದವು, ಬೆನ್ನು ಬಿಲ್ಲಾಯಿತು. ಬಲಗೈ ಗವಸಿನಲ್ಲಿತ್ತು, ಅಪ್ಪನ ಎದೆಗೆ ಸಿಕ್ಕಿಕೊಂಡಿತ್ತು. ಎಡಗೈ ಮೇಲೆದ್ದು ಅಪ್ಪನ ಕೆನ್ನೆಗೆ ರಪ್ಪನೆ ಬಿತ್ತು.

ಮುಷ್ಟಿಯಲ್ಲ. ಮುಷ್ಟಿಯ ಸದ್ದು ನನಗೆ ಗೊತ್ತು, ಎಷ್ಟು ತಿಂದಿಲ್ಲ. ಇದು ಅಂಗೈಯ ಸದ್ದು.

ಮಲ್ಲಣ್ಣ ಮಗಳನ್ನು ಎತ್ತಿದಂತೆಯೇ ನಿಂತಿದ್ದರು. ಅವರ ನುಣ್ಣಗೆ ಬೋಳಿಸಿದ ಕೆನ್ನೆಯ ಮೇಲೆ, ಅಳತೆಗೆಂದು ಮಣಿಕಟ್ಟಿಗೆ ಹಚ್ಚಿದ ಅಂಟು ಮೆತ್ತಿಕೊಂಡು, ಕೆಂಪಗೆ ಬೆರಳುಗಳು ಮೂಡತೊಡಗಿದವು. ಸಣ್ಣ ಸಣ್ಣ ನಾಲ್ಕು ಬೆರಳು. ಅವುಗಳಿಂದ ದೂರಕ್ಕೆ, ಮೂಗಿನ ಪಕ್ಕದಲ್ಲಿ, ಹೆಬ್ಬೆರಳು. ನಾಲ್ಕು ವರ್ಷ ಒಳಗೆ ಅಡಗಿ ಕೂತಿದ್ದ ಹೆಬ್ಬೆರಳು.

ರುಬೀನಾ ಮೇಡಂ ಹತ್ತಿರ ಬಂದು ಮಲ್ಲಣ್ಣನ ಗದ್ದ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, "ಡಾಕ್ಟರ್ ಸಾಬ್, ಇಲ್ಲಿ ನೋಡ್ರಿ" ಎಂದರು. ಡಾಕ್ಟರು ಪರದೆ ಬಿಟ್ಟು ಎದ್ದು ಬಂದು ಆ ಕೆನ್ನೆಯನ್ನು ಬಹಳ ಹೊತ್ತು ನೋಡಿದರು.

ನಾನು ಕುಣಿಯಬೇಕಿತ್ತು. ನಾನು ಬೇಡಿದ್ದು ಅದೇ ಕೈ, ಅದೇ ತೆರೆದ ಅಂಗೈ. ಆದರೆ ನನಗೆ ಅಳು ಬಂತು. ಆ ಕೈ ಗೊಂಬೆಗೆ ತೆರೆಯಲಿಲ್ಲ, ಚಿಂದಿಗೆ ತೆರೆಯಲಿಲ್ಲ, ರೊಟ್ಟಿಗೆ ತೆರೆಯಲಿಲ್ಲ. ನಮ್ಮಿಂದ ತನ್ನನ್ನು ಕಾಪಾಡಿಕೊಳ್ಳಲು ತೆರೆಯಿತು. ಮಣ್ಣೋ ಗವಸೋ ಎಂದು ನಾನೂ ಅತ್ತೆಯೂ ಜಗಳವಾಡುತ್ತಿದ್ದಾಗ, ಆ ಮಗು ಇಬ್ಬರ ವಿರುದ್ಧವೂ ಕೈ ತಯಾರು ಮಾಡಿಕೊಳ್ಳುತ್ತಿತ್ತು.

ಮಲ್ಲಣ್ಣ ಚೆನ್ನಿಯನ್ನು ಮೆಲ್ಲಗೆ ಮಂಚದ ಮೇಲೆ ಕೂರಿಸಿದರು. ಅವಳ ಬಲಗೈಯ ಪಟ್ಟಿಯ ಗಂಟು ಬಿಚ್ಚಿ, ಗವಸು ತೆಗೆದು, ನನ್ನ ಕೈಗೆ ಕೊಟ್ಟರು. ನೆಲಕ್ಕೆ ಕೂತು ಅವಳ ಮುಖದ ಎತ್ತರಕ್ಕೆ ಮುಖ ತಂದರು.

"ತಪ್ಪಾತು ನನ್ನವ್ವಾ. ಇನ್ನ ನಿನ್ನ ಕೇಳ್ದ ಯಾರೂ ಎತ್ತಾಂಗಿಲ್ಲ, ಕಟ್ಟಾಂಗಿಲ್ಲ" ಎಂದರು. ಆಮೇಲೆ ಎರಡೂ ಕೈ ಮುಂದೆ ಚಾಚಿ ಕೇಳಿದರು. "ಎತ್ತಲೇನ?"

ಚೆನ್ನಿ ಅಪ್ಪನ ಕೆನ್ನೆ ನೋಡಿದಳು, ನನ್ನನ್ನು ನೋಡಿದಳು.

"ಒಲ್ಲೆ" ಎಂದಳು.

ನಾವು ಎತ್ತಲಿಲ್ಲ. ಮಂಚದ ಕೆಳಗೆ ನೆಲದ ಮೇಲೆ ಇಬ್ಬರೂ ಕೂತು, ಅವಳು ಹೂಂ ಅನ್ನುವವರೆಗೆ ಕಾದೆವು.